ರಸ್ತೆ ಇಲ್ಲದ ಕಡಲ ದಂಡೆ: ನಮ್ಮ ಬಯಲುಸೀಮೆಯಿಂದ ಸಿಸಿಲಿಯ ಜಿಂಗರೊಗೆ ಹೋಗಿಬರುವುದು ಹೇಗೆ

ಇಟಲಿಗೆ ಸೇರಿದ ಸಿಸಿಲಿ ದ್ವೀಪದ ಕಡಲಂಚಿನಲ್ಲಿ ಜಿಂಗರೊ ಎಂಬ ಪ್ರಕೃತಿ ಮೀಸಲು ಪ್ರದೇಶವಿದೆ. ಅದರ ದಕ್ಷಿಣದ ಬಾಗಿಲಲ್ಲಿ ಟಿಕೆಟ್ ತೆಗೆದುಕೊಂಡು ಒಳಗೆ ಹೊರಟರೆ ಮೊದಲು ಸಿಗುವುದು ಬಂಡೆ ಕೊರೆದು ಮಾಡಿದ ಒಂದು ಸಣ್ಣ ಸುರಂಗ. ಗಾಡಿ ಓಡಾಡಲೆಂದೇ ಕೊರೆದದ್ದು. ಆದರೆ ಆಚೆ ಬದಿಗೆ ಬಂದರೆ ಟಾರು ರಸ್ತೆ ಇಲ್ಲ. ಬೆಟ್ಟದ ಪಕ್ಕೆಗೆ ಅಂಟಿಕೊಂಡ ಕಾಲುದಾರಿ, ಕೆಳಗೆ ಹಸಿರು ನೀಲಿ ನೀರು, ಅಷ್ಟೆ. ಸ್ಕೊಪೆಲ್ಲೊ ಎಂಬ ಹಳ್ಳಿಯಿಂದ ಸಾನ್ ವೀತೊ ಲೊ ಕಾಪೊ ಎಂಬ ಊರಿಗೆ ಕಡಲಂಚಿನಲ್ಲೇ ರಸ್ತೆ ಹಾಕುವ ಕೆಲಸ 1970ರ ದಶಕದಲ್ಲಿ ಶುರುವಾಗಿತ್ತು. 1980ರ ಮೇ 18ರಂದು ಸಾವಿರಾರು ಜನ ಅದೇ ಜಾಗದಲ್ಲಿ ನಡೆದು ಹೋಗಿ ರಸ್ತೆ ಬೇಡವೆಂದರು. ಮರುವರ್ಷ, 1981ರಲ್ಲಿ, ಸಿಸಿಲಿಯ ಪ್ರಾದೇಶಿಕ ಸರ್ಕಾರ ಕಾನೂನು ತಂದು ಇದನ್ನು ಆ ದ್ವೀಪದ ಮೊದಲ ಮೀಸಲು ಪ್ರದೇಶ ಮಾಡಿತು. ಸುಮಾರು 1,650 ಹೆಕ್ಟೇರ್, ಎಕರೆ ಲೆಕ್ಕದಲ್ಲಿ ನಾಲ್ಕು ಸಾವಿರದ ಆಸುಪಾಸು. ಸಮುದ್ರದಿಂದ ಸೀದಾ ಎದ್ದು 900 ಮೀಟರ್ ದಾಟುವ ಬೆಟ್ಟ, ಅದರ ಬುಡದಲ್ಲಿ 7 ಕಿ.ಮೀ. ದಂಡೆ.

ರಸ್ತೆ ಇಲ್ಲ ಎಂಬ ಈ ಒಂದು ಸಂಗತಿಯಿಂದಲೇ ನಿಮ್ಮ ಇಡೀ ಯೋಜನೆ ಹುಟ್ಟಬೇಕು. ಒಳಗೆ ಆಟೊ ಇಲ್ಲ, ಅಂಗಡಿ ಇಲ್ಲ, ಎಳನೀರಿನವನಿಲ್ಲ. ಎಷ್ಟು ದೂರ ಹೋಗುತ್ತೀರೋ ಅಷ್ಟೇ ದೂರ ಕಾಲಲ್ಲೇ ವಾಪಸ್ ಬರಬೇಕು. ಮಧುಗಿರಿ ಬೆಟ್ಟ, ಸ್ಕಂದಗಿರಿ, ಅಂತರಗಂಗೆ ಹತ್ತಿದ ಕಾಲುಗಳಿಗೆ ಇದು ಕಷ್ಟದ ದಾರಿಯೇನಲ್ಲ. ಎಡವಟ್ಟಾಗುವುದು ಬೇರೆ ಕಡೆ.

ಯಾವಾಗ ಹೋಗಬೇಕು

ದಸರಾ ರಜೆ. ನಮ್ಮ ಕಡೆಯವರಿಗೆ ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ನಡುವಿನವರೆಗೆ ಬೇಸಿಗೆಯ ಬಿಸಿ ನೀರಿನಲ್ಲಿ ಇನ್ನೂ ಉಳಿದಿರುತ್ತದೆ, ಸಮುದ್ರ 23–24 ಡಿಗ್ರಿ ಇರುತ್ತದೆ, ಜನ ಇಳಿದಿರುತ್ತಾರೆ. ಆಗೊಮ್ಮೆ ಈಗೊಮ್ಮೆ ಜೋರು ಮಳೆ ಬರಬಹುದು ಎಂಬುದೊಂದೇ ಕೊರತೆ. ಏಪ್ರಿಲ್–ಮೇ ರಜೆಯೂ ಚೆನ್ನ. ಬೆಟ್ಟವೆಲ್ಲ ಹೂ ಬಿಟ್ಟಿರುತ್ತದೆ, ನಡೆಯಲು ಹಿತ. ಆದರೆ ನೀರು 16–19 ಡಿಗ್ರಿ. ಬಾವಿ ನೀರಿಗೆ ಒಗ್ಗಿದ ಮೈ ಕೂಡ ಹತ್ತು ನಿಮಿಷಕ್ಕೆ ನಡುಗುತ್ತದೆ. ಜುಲೈ, ಆಗಸ್ಟ್ ಬೇಡ. ನೆರಳಿಲ್ಲದ ದಾರಿ, ತುಂಬಿದ ಪಾರ್ಕಿಂಗ್, ಮೇಲೆ ಬೆಂಕಿಯ ಭಯ. ಆಗಸ್ಟ್ 15 ಇಟಲಿಯಲ್ಲೂ ದೊಡ್ಡ ರಜೆ, ಆ ವಾರವಂತೂ ಆ ಕಡೆ ಸುಳಿಯಬೇಡಿ.

ಕಾಗದ ಪತ್ರ

ಇಟಲಿಗೆ ಷೆಂಗೆನ್ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿ ನಡೆಯುವ ವೀಸಾ ಬೇಕು. ಅರ್ಜಿ, ಬೆರಳಚ್ಚು ಎಲ್ಲ ಬೆಂಗಳೂರಿನ ಕೇಂದ್ರದಲ್ಲಿ. ಹೊರಡುವ ದಿನಕ್ಕೆ ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು, ತೀರಾ ತಡವೆಂದರೆ 15 ದಿನ ಮೊದಲು. ಆ 15 ದಿನವನ್ನು ನಂಬಬೇಡಿ, ಅಪಾಯಿಂಟ್‌ಮೆಂಟ್ ಸಿಗುವುದೇ ತಡವಾಗುತ್ತದೆ. ಮೂರು ತಿಂಗಳು ಇಟ್ಟುಕೊಳ್ಳಿ. ಶುಲ್ಕ ದೊಡ್ಡವರಿಗೆ 90 ಯೂರೋ, 6ರಿಂದ 12 ವರ್ಷದೊಳಗಿನ ಮಕ್ಕಳಿಗೆ 45. ಕೇಂದ್ರದ ಸೇವಾ ಶುಲ್ಕ ಬೇರೆ. ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆ ಕಡ್ಡಾಯ. ಪಾಸ್‌ಪೋರ್ಟ್ ವಾಪಸಾಗುವ ದಿನದಿಂದ ಮೂರು ತಿಂಗಳಾದರೂ ಚಾಲ್ತಿಯಲ್ಲಿರಬೇಕು, ಎರಡು ಖಾಲಿ ಪುಟ ಇರಬೇಕು.

ನಮ್ಮ ಜಿಲ್ಲೆಗಳವರು ಎರಡು ಕಡೆ ಸಿಕ್ಕಿಬೀಳುತ್ತಾರೆ. ಮೊದಲನೆಯದು ಹೆಸರು. ಆಧಾರ್‌ನಲ್ಲಿ ಇನಿಷಿಯಲ್ ಹಿಂದೆ, ಬ್ಯಾಂಕಿನಲ್ಲಿ ಮುಂದೆ, ಪಾಸ್‌ಪೋರ್ಟಿನಲ್ಲಿ ಅದೇ ಇನಿಷಿಯಲ್ ಬಿಡಿಸಿ ಊರಿನ ಹೆಸರು, ತಂದೆಯ ಹೆಸರು. ಕೆಲವರಿಗೆ ಸರ್‌ನೇಮ್ ಜಾಗವೇ ಖಾಲಿ. ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಅಕ್ಷರ ಬಿಡದೆ ಹಾಗೇ ವೀಸಾ ಅರ್ಜಿ, ವಿಮೆ, ವಿಮಾನದ ಟಿಕೆಟ್ ಮೂರರಲ್ಲೂ ಬರಲಿ. ಬ್ಯಾಂಕ್ ಖಾತೆಯ ಹೆಸರು ಬೇರೆ ಥರ ಇದ್ದರೆ ಇಬ್ಬರೂ ಒಬ್ಬರೇ ಎಂದು ನೋಟರಿ ಅಫಿಡವಿಟ್ ಮಾಡಿಸಿ ಜೊತೆಗಿಡಿ. ಸರ್‌ನೇಮ್ ಖಾಲಿ ಇದ್ದವರು ಟಿಕೆಟ್ ಕೊಳ್ಳುವ ಮೊದಲೇ ವಿಮಾನ ಕಂಪನಿಗೆ ಫೋನ್ ಮಾಡಿ ಆ ಕಾಲಂನಲ್ಲಿ ಏನು ಹಾಕಬೇಕೆಂದು ಕೇಳಿ.

ಎರಡನೆಯದು ಆದಾಯದ ದಾಖಲೆ. ಸಂಬಳದವರಿಗೆ ತೊಂದರೆಯಿಲ್ಲ: ಮೂರು ತಿಂಗಳ ಸ್ಲಿಪ್, ರಜೆ ಮಂಜೂರಾದ ಪತ್ರ, ಬ್ಯಾಂಕ್ ಸ್ಟೇಟ್‌ಮೆಂಟ್. ತೋಟ, ಹೊಲ, ಹಸು ಇಟ್ಟುಕೊಂಡವರ ಹತ್ತಿರ ದುಡ್ಡಿದ್ದರೂ ಐಟಿ ರಿಟರ್ನ್ ಇರುವುದಿಲ್ಲ. ಅಂಥವರು ಪಹಣಿ, ಎಪಿಎಂಸಿ ಬಿಲ್ಲು, ಡೈರಿಯಿಂದ ಖಾತೆಗೆ ಜಮೆಯಾದ ಲೆಕ್ಕ ಜೋಡಿಸಿ. ಕನ್ನಡದಲ್ಲಿರುವ ಪ್ರತಿ ಕಾಗದಕ್ಕೂ ಇಂಗ್ಲಿಷ್ ಅನುವಾದ ಮಾಡಿಸಿ. ಅರ್ಜಿ ಹಾಕುವ ಹಿಂದಿನ ವಾರ ಖಾತೆಗೆ ಒಮ್ಮೆಲೇ ದೊಡ್ಡ ಮೊತ್ತ ತಂದು ಸುರಿಯುವುದು ಎಲ್ಲರೂ ಮಾಡುವ ತಪ್ಪು. ಅದು ಸಾಲದ ದುಡ್ಡೆಂದು ನೋಡಿದ ಕೂಡಲೇ ಅನುಮಾನ ಬರುತ್ತದೆ. ಕೊಬ್ಬರಿಯೋ ಮಾವೋ ಮಾರಿದ ದುಡ್ಡಾದರೆ ಅದರ ಬಿಲ್ಲು ಲಗತ್ತಿಸಿ.

ಕಾರು ಓಡಿಸುವವರು ನಿಮ್ಮ ಆರ್‌ಟಿಒದಲ್ಲಿ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿ. ಒಂದು ವರ್ಷ ಚಾಲ್ತಿ. ಊರಿನ ಡಿಎಲ್ ಕೂಡ ಜೊತೆಗಿರಬೇಕು, ಎರಡೂ ಇದ್ದರೇ ಇಟಲಿಯಲ್ಲಿ ಲೆಕ್ಕ.

ಹೋಗುವ ದಾರಿ

ತುಮಕೂರಿನವರು ದೇವನಹಳ್ಳಿಗೆ ಹೋಗಲು ಬೆಂಗಳೂರಿನೊಳಗೆ ನುಗ್ಗಬೇಡಿ. ದಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿ ದೊಡ್ಡಬಳ್ಳಾಪುರದ ಮೇಲೆ ಹೋಗಿ. ಕೋಲಾರದವರಿಗೆ ಹೊಸಕೋಟೆ, ಸೂಲಿಬೆಲೆ ದಾರಿ. ಚಿಕ್ಕಬಳ್ಳಾಪುರದವರ ಅದೃಷ್ಟ ಬೇರೆಯೇ, ವಿಮಾನ ನಿಲ್ದಾಣ ಮನೆ ಬಾಗಿಲಲ್ಲಿದೆ.

ಬೆಂಗಳೂರಿನಿಂದ ಸಿಸಿಲಿಯ ರಾಜಧಾನಿ ಪಲೆರ್ಮೊಗೆ ನೇರ ವಿಮಾನವಿಲ್ಲ. ಕೊಲ್ಲಿ ದೇಶದಲ್ಲಿ ಒಮ್ಮೆ, ರೋಮ್ ಅಥವಾ ಮಿಲಾನ್‌ನಲ್ಲಿ ಇನ್ನೊಮ್ಮೆ ಬದಲಿಸುವುದು ಸಾಮಾನ್ಯ. ಇಡೀ ಪ್ರಯಾಣ ಒಂದೇ ಪಿಎನ್‌ಆರ್‌ನಲ್ಲಿರಲಿ. ರೋಮ್‌ವರೆಗೆ ಒಂದು, ಅಲ್ಲಿಂದ ಅಗ್ಗದ ಕಂಪನಿಯಲ್ಲಿ ಇನ್ನೊಂದು ಎಂದು ಬಿಡಿಯಾಗಿ ಕೊಂಡರೆ ರೋಮ್‌ನಲ್ಲಿ ವಲಸೆ ಸಾಲು ಮುಗಿಸಿ, ಲಗೇಜು ತೆಗೆದು, ಮತ್ತೆ ಚೆಕ್‌-ಇನ್ ಮಾಡಬೇಕು. ಮೊದಲ ವಿಮಾನ ತಡವಾದರೆ ಎರಡನೆಯ ಟಿಕೆಟ್ ಹೋದಂತೆಯೇ.

ಪಲೆರ್ಮೊದ ವಿಮಾನ ನಿಲ್ದಾಣ ಊರಿಗೂ ಜಿಂಗರೊಗೂ ನಡುವೆ ಇದೆ, ಊರೊಳಗೆ ಹೋಗಿ ಬರುವ ಅಗತ್ಯವಿಲ್ಲ. ಕಾರಿನಲ್ಲಿ ಪಶ್ಚಿಮಕ್ಕೆ ಅರ್ಧ ಮುಕ್ಕಾಲು ಗಂಟೆ ಹೋದರೆ ಕಾಸ್ತೆಲ್ಲಮ್ಮಾರೆ ದೆಲ್ ಗೋಲ್ಫೊ ಎಂಬ ಬಂದರಿನ ಊರು. ಉಳಿಯಲು ಇದೇ ಅನುಕೂಲ: ಅಂಗಡಿ, ಔಷಧಿ, ಬಸ್ಸು ಎಲ್ಲ ಇದೆ. ಸ್ಕೊಪೆಲ್ಲೊ ಅಲ್ಲಿಂದ 10 ಕಿ.ಮೀ. ಆಚೆ, ಚಂದದ ಪುಟ್ಟ ಹಳ್ಳಿ, ಬಾಡಿಗೆ ಮಾತ್ರ ಪುಟ್ಟದಲ್ಲ. ಕಾಸ್ತೆಲ್ಲಮ್ಮಾರೆಯಿಂದ ಸ್ಕೊಪೆಲ್ಲೊಗೆ ಬಸ್ಸಿದೆ, ದಿನಕ್ಕೆ ಕೆಲವೇ ಟ್ರಿಪ್ಪು, ಭಾನುವಾರ ಇನ್ನೂ ಕಡಿಮೆ. ಬಂದ ದಿನವೇ ವೇಳಾಪಟ್ಟಿಯ ಫೋಟೊ ತೆಗೆದಿಟ್ಟುಕೊಳ್ಳಿ, ಕೊನೆಯ ಬಸ್ಸಿನ ಹೊತ್ತನ್ನು ಮೊದಲು ನೋಡಿ. ಕಾರಿನವರು ನೆನಪಿಡಬೇಕಾದ್ದು ಮೂರು: ಓಡಿಸುವುದು ಬಲಕ್ಕೆ, ಪಲೆರ್ಮೊದ ಹಳೇ ಊರಿನೊಳಗೆ ಪರವಾನಗಿಯಿಲ್ಲದೆ ನುಗ್ಗಿದರೆ ಕ್ಯಾಮೆರಾ ಹಿಡಿದು ದಂಡದ ಚೀಟಿ ತಿಂಗಳುಗಳ ನಂತರ ಮನೆಗೇ ಬರುತ್ತದೆ, ಪಾರ್ಕಿಂಗ್‌ನಲ್ಲಿ ಬ್ಯಾಗು ಕಾಣುವಂತೆ ಬಿಡಬಾರದು.

ಯಾವ ಬಾಗಿಲು, ಎಷ್ಟು ದೂರ

ಬಾಗಿಲು ಎರಡು. ದಕ್ಷಿಣದ್ದು ಸ್ಕೊಪೆಲ್ಲೊ ಕಡೆ, ಉತ್ತರದ್ದು ಸಾನ್ ವೀತೊ ಕಡೆ. ನಕ್ಷೆಯಲ್ಲಿ ಎರಡರ ನಡುವೆ 7 ಕಿ.ಮೀ. ನೋಡಿ, ಒಂದರಲ್ಲಿ ಹೊಕ್ಕು ಇನ್ನೊಂದರಲ್ಲಿ ಹೊರಬಂದು ಟ್ಯಾಕ್ಸಿ ಹಿಡಿಯೋಣ ಎಂದು ಲೆಕ್ಕ ಹಾಕುವವರೇ ಹೆಚ್ಚು. ಉತ್ತರದ ಬಾಗಿಲಲ್ಲಿ ಟ್ಯಾಕ್ಸಿ ನಿಂತಿರುವುದಿಲ್ಲ. ಕರೆಸಿದರೂ ಬೆಟ್ಟವನ್ನು ಸುತ್ತುಹಾಕಿ ಬರಬೇಕು, ಒಂದು ಗಂಟೆಯ ದಾರಿ, ಬಾಡಿಗೆ ಕೇಳಿದರೆ ತಲೆ ತಿರುಗುತ್ತದೆ. ಆದ್ದರಿಂದ ಹೊಕ್ಕ ಬಾಗಿಲಿಗೇ ವಾಪಸ್. ಕೊನೆತನಕ ಹೋದರೆ ಒಟ್ಟು 14 ಕಿ.ಮೀ., ನಡಿಗೆಯೇ ಐದು ತಾಸು.

ಕಾಲಾ ಎಂದರೆ ಬೆಟ್ಟದ ಮಡಿಲಿಗೆ ಸಮುದ್ರ ಒಳಸರಿದು ಮಾಡಿಕೊಂಡ ಪುಟ್ಟ ತಾಣ. ದಕ್ಷಿಣದಿಂದ ಹೊರಟರೆ ಮೊದಲು ಕಪ್ರೆರಿಯ, 20–25 ನಿಮಿಷ. ಹತ್ತಿರವಾದ್ದರಿಂದ ಸಂತೆಯಂತೆ ಜನ. ಆಮೇಲೆ ದಿಸಾ, ಬೆರೆತ್ತಾ, ಮರಿನೆಲ್ಲಾ, ಉತ್ಸೊ, ಕೊನೆಗೆ ತೊನ್ನರೆಲ್ಲಾ. ದಾರಿ ಎತ್ತರದಲ್ಲಿ ಸಾಗುತ್ತದೆ. ನೀರಿಗೆ ಇಳಿಯಬೇಕೆಂದರೆ ಪ್ರತಿ ಕಾಲಾಕ್ಕೂ ಕವಲು ಹಿಡಿದು ಇಳಿಯಬೇಕು, ಇಳಿದಷ್ಟನ್ನೂ ಬಿಸಿಲಲ್ಲಿ ಹತ್ತಬೇಕು. ಆರನ್ನೂ ನೋಡಲೇಬೇಕೆಂದು ಹೊರಟವರು ಮೂರನೆಯದಕ್ಕೆ ಬರುವಷ್ಟರಲ್ಲಿ ಸುಸ್ತಾಗಿ, ಯಾವುದರಲ್ಲೂ ನೆಮ್ಮದಿಯಾಗಿ ಕೂರದೆ ಬರುತ್ತಾರೆ. ಎರಡು ಸಾಕು. ಕಪ್ರೆರಿಯವನ್ನು ಮೇಲಿಂದಲೇ ನೋಡಿ ಮುಂದೆ ಹೋಗಿ, ದಿಸಾದಲ್ಲಿ ಇಳಿಯಿರಿ, ಬೆರೆತ್ತಾದಲ್ಲಿ ಇಳಿಯಿರಿ, ವಾಪಸಾಗಿ. ವಯಸ್ಸಾದವರು, ಚಿಕ್ಕ ಮಕ್ಕಳು ಜೊತೆಗಿದ್ದರೆ ಉತ್ತರದ ಬಾಗಿಲು ಹಿಡಿಯಿರಿ. ಅಲ್ಲಿಂದ ತೊನ್ನರೆಲ್ಲಾ ಹತ್ತು ಹದಿನೈದು ನಿಮಿಷ. ಇನ್ನು ಸ್ವಲ್ಪ ಮುಂದೆ ಹೋದರೆ ಉತ್ಸೊ ಗುಹೆಯೂ ಸಿಗುತ್ತದೆ. ಅಲ್ಲಿ ಹತ್ತು ಸಾವಿರ ವರ್ಷದ ಹಿಂದಿನ ಮನುಷ್ಯರ ಸಮಾಧಿಗಳು ಸಿಕ್ಕಿವೆ.

ಬಾಗಿಲು ತೆರೆಯುವುದು ಬೇಸಿಗೆಯಲ್ಲಿ ಬೆಳಗ್ಗೆ 7ಕ್ಕೆ, ಮುಚ್ಚುವುದು ಸಂಜೆ 7.30ಕ್ಕೆ; ಚಳಿಗಾಲದಲ್ಲಿ 8ರಿಂದ 4. ಟಿಕೆಟ್ 5 ಯೂರೋ, ಚಿಲ್ಲರೆ ನಗದು ಇಟ್ಟುಕೊಳ್ಳಿ. ಈ ದಂಡೆ ಪೂರ್ವಕ್ಕೆ ಮುಖ ಮಾಡಿದೆ ಎಂಬುದನ್ನು ಬಹಳ ಜನ ಗಮನಿಸುವುದಿಲ್ಲ. ಬೆಳಗಿನ ಬಿಸಿಲು ಸೀದಾ ದಾರಿಯ ಮೇಲೆ ಬೀಳುತ್ತದೆ, ಮಧ್ಯಾಹ್ನ ಇಳಿದ ಮೇಲೆ ಬೆಟ್ಟವೇ ನೆರಳಾಗುತ್ತದೆ. ಆದ್ದರಿಂದ ಏಳಕ್ಕೇ ಒಳಗೆ ಹೊಕ್ಕು ಬಿಸಿಲೇರುವ ಮೊದಲೇ ದೂರದ ಕಾಲಾ ಸೇರಿ, ಮಧ್ಯಾಹ್ನ ಮೂರರ ನಂತರ ನೆರಳಲ್ಲಿ ವಾಪಸಾಗಿ. ಹತ್ತು ಗಂಟೆಗೆ ಹೊರಟವರು ಹೋಗುವಾಗಲೂ ಬೇಯುತ್ತಾರೆ, ಅಷ್ಟರಲ್ಲಿ ಪಾರ್ಕಿಂಗೂ ತುಂಬಿರುತ್ತದೆ.

ನೀರು ತಲೆಗೆ 3 ಲೀಟರ್, ಅಕ್ಟೋಬರ್ ಆದರೆ 2 ಸಾಕು. ಅರ್ಧ ಖಾಲಿಯಾದ ಜಾಗವೇ ನಿಮ್ಮ ತಿರುಗುವ ಜಾಗ, ಮುಂದಿನ ಕಾಲಾ ಎಷ್ಟೇ ಹತ್ತಿರ ಕಂಡರೂ. ಎರಡು ಪ್ಯಾಕೆಟ್ ಓಆರ್‌ಎಸ್, ಟೋಪಿ, ತೆಳ್ಳನೆ ಪಂಚೆ ಒಂದು ಇರಲಿ. ಪಂಚೆ ಮೈ ಒರೆಸಲು, ಹಾಸಲು, ತಲೆಗೆ ಹೊದೆಯಲು, ಬಟ್ಟೆ ಬದಲಿಸುವಾಗ ಮರೆಗೆ, ಎಲ್ಲಕ್ಕೂ ಆಗುತ್ತದೆ. ದಂಡೆಯಲ್ಲಿ ಬಟ್ಟೆ ಬದಲಿಸುವ ಕೋಣೆಯಿಲ್ಲ.

ಕಾಲಿನ ವಿಷಯ ಸ್ವಲ್ಪ ಹೇಳಬೇಕು. ನಮ್ಮ ಬೆಟ್ಟಗಳು ಗ್ರಾನೈಟು. ಒಣಗಿದ್ದಾಗ ಬರಿಗಾಲು ಕೂಡ ಹಿಡಿಯುತ್ತದೆ, ಹವಾಯಿ ಚಪ್ಪಲಿಯಲ್ಲೇ ದೇವರಾಯನದುರ್ಗ ಹತ್ತುವವರಿದ್ದಾರೆ. ಜಿಂಗರೊದ್ದು ಸುಣ್ಣಕಲ್ಲು. ಮಳೆನೀರು ಅದನ್ನು ತಿಂದು ಅಂಚನ್ನು ಚೂರಿಯಂತೆ ಮಾಡಿರುತ್ತದೆ. ಜನ ತುಳಿದ ಕಡೆ ಮಾತ್ರ ಸವೆದು ಗಾಜಿನಂತೆ ನುಣುಪು. ಕವಲಿಳಿಯುವ ತಿರುವುಗಳಲ್ಲಿ ಬೀಳುವುದು ಈ ನುಣುಪಿನಿಂದಲೇ, ಅದರಲ್ಲೂ ಈಜಿ ಬಂದ ಒದ್ದೆ ಕಾಲಿನಲ್ಲಿ. ಅಡಿ ಗಟ್ಟಿಯಿರುವ ಶೂ ಹಾಕಿ, ನೀರಿಗಿಳಿಯಲು ಬೇರೆ ರಬ್ಬರ್ ಶೂ ಇಟ್ಟುಕೊಳ್ಳಿ. ಶೂ ಹೊಸದಾದರೆ ಊರಲ್ಲೇ ನಾಲ್ಕಾರು ಸಲ ಮೂರು ಲೀಟರ್ ನೀರು ಹೊತ್ತು ಬೆಟ್ಟ ಹತ್ತಿ ಪಳಗಿಸಿ.

ನೀರಿಗಿಳಿಯುವವರಿಗೆ

ಕೆರೆ, ಕಲ್ಲುಬಾವಿಯಲ್ಲಿ ಈಜು ಕಲಿತವರಿಗೆ ಇಲ್ಲಿ ಮೈ ಹಗುರ ಅನ್ನಿಸುತ್ತದೆ. ಮೆಡಿಟರೇನಿಯನ್ ನೀರಿನಲ್ಲಿ ಉಪ್ಪು ಲೀಟರಿಗೆ ಸುಮಾರು 38 ಗ್ರಾಂ, ಉಳಿದ ಸಾಗರಗಳಿಗಿಂತ ಹೆಚ್ಚು, ಹಾಗಾಗಿ ಚೆನ್ನಾಗಿ ತೇಲಿಸುತ್ತದೆ. ಅದನ್ನು ನಂಬಿ ದೂರ ಹೋಗಬೇಡಿ. ದಂಡೆಯಲ್ಲಿ ಮರಳಿಲ್ಲ, ಬಿಳಿ ಬೆಣಚಿನಂಥ ಉರುಟು ಕಲ್ಲು. ನಾಲ್ಕು ಹೆಜ್ಜೆಗೆ ಆಳ ಬರುತ್ತದೆ. ಕಾಯುವವರು ಯಾರೂ ಇಲ್ಲ.

ಗಾಳಿಯನ್ನು ಓದಲು ಕಲಿಯಿರಿ. ಸಮುದ್ರದಿಂದ ದಂಡೆಗೆ ಬೀಸಿದರೆ ಅಲೆ ಏಳುತ್ತದೆ, ಅಪಾಯ ಕಣ್ಣಿಗೆ ಕಾಣುತ್ತದೆ, ಜನ ತಾವಾಗಿ ಹಿಂದೆ ಸರಿಯುತ್ತಾರೆ. ಬೆಟ್ಟದ ಕಡೆಯಿಂದ, ಅಂದರೆ ಪಶ್ಚಿಮದಿಂದ ಬೀಸಿದಾಗ ದಂಡೆಯ ಹತ್ತಿರದ ನೀರು ಕೆರೆಯಂತೆ ಶಾಂತ. ಮೋಸವಿರುವುದು ಅಲ್ಲೇ: ಮೇಲ್ಪದರ ಹೊರಕ್ಕೆ ಸಾಗುತ್ತಿರುತ್ತದೆ, ಟ್ಯೂಬು, ಗಾಳಿ ತುಂಬಿದ ಹಾಸಿಗೆಯ ಮೇಲೆ ಮಲಗಿದವರು ಐದು ನಿಮಿಷದಲ್ಲಿ ದೂರ ಹೋಗಿಬಿಟ್ಟಿರುತ್ತಾರೆ. ಮಕ್ಕಳಿಗೆ ಟ್ಯೂಬ್ ಒಯ್ಯಲೇಬೇಡಿ, ಲೈಫ್ ಜಾಕೆಟ್ ಒಯ್ಯಿರಿ.

ಬಂಡೆಗಳಿಗೆ ಅಂಟಿದ ಕಪ್ಪು ಮುಳ್ಳಿನ ಉಂಡೆಗಳನ್ನು ತುಳಿದರೆ ಮುಳ್ಳು ಮುರಿದು ಒಳಗೇ ಉಳಿಯುತ್ತದೆ. ರಬ್ಬರ್ ಶೂ ಬೇಕಾಗುವುದು ಇದಕ್ಕೇ. ನೇರಳೆ ಬಣ್ಣದ ಚಿಕ್ಕ ಲೋಳೆಮೀನು ಕಂಡರೆ ಆ ದಿನ ನೀರು ಬಿಟ್ಟುಬಿಡಿ. ಸೋಕಿದರೆ ಸಮುದ್ರದ ನೀರಿನಲ್ಲೇ ತೊಳೆಯಿರಿ. ಬಾಟಲಿಯ ಸಿಹಿನೀರು ಹಾಕಿದರೆ ಚರ್ಮದ ಮೇಲೆ ಉಳಿದ ವಿಷದ ಕೋಶಗಳು ಸಿಡಿದು ಉರಿ ಹೆಚ್ಚುತ್ತದೆ. ಉಜ್ಜಬೇಡಿ, ಎಟಿಎಂ ಕಾರ್ಡಿನ ಅಂಚಿನಿಂದ ಮೆಲ್ಲಗೆ ಕೆರೆದು ತೆಗೆಯಿರಿ. ದಂಡೆಯಲ್ಲಿ ರಾಶಿ ಬಿದ್ದ ಕಂದು ಎಲೆ ಕೊಳಕಲ್ಲ. ಪೊಸಿಡೋನಿಯಾ ಎಂಬ ಕಡಲ ಹುಲ್ಲಿನದು. ಅಲೆ ದಂಡೆಯನ್ನು ಕೊರೆಯದಂತೆ ತಡೆಯುವುದು ಅದೇ.

ಬೆಂಕಿ

2012ರಲ್ಲೂ 2020ರ ಆಗಸ್ಟ್ ಕೊನೆಯಲ್ಲೂ ಇಲ್ಲಿ ದೊಡ್ಡ ಬೆಂಕಿ ಬಿತ್ತು, ಕಾಡಿನ ಬಹುಭಾಗ ಸುಟ್ಟಿತು. ಆಫ್ರಿಕಾ ಕಡೆಯಿಂದ ಶಿರೊಕ್ಕೊ ಎಂಬ ಬಿಸಿಗಾಳಿ ಬೀಸುವ ದಿನಗಳಲ್ಲಿ ಒಂದು ಕಿಡಿ ಸಾಕು. ಅಂಥ ದಿನ ಬಾಗಿಲು ಮುಚ್ಚಲೂಬಹುದು, ಹಿಂದಿನ ಸಂಜೆಯೇ ನೀವು ಉಳಿದುಕೊಂಡ ಮನೆಯವರ ಹತ್ತಿರ ವಿಚಾರಿಸಿ. ಒಳಗೆ ಬೀಡಿ ಸಿಗರೇಟು, ಒಲೆ, ಟೆಂಟು, ಡ್ರೋನ್ ಯಾವುದೂ ಇಲ್ಲ. ಹೊಗೆ ಕಂಡರೆ ಮೇಲಕ್ಕೆ ಓಡಬೇಡಿ, ಬೆಂಕಿ ಇಳಿಜಾರಿಗಿಂತ ಏರಿನಲ್ಲಿ ಬೇಗ ಹರಿಯುತ್ತದೆ. ಹತ್ತಿರದ ಬಾಗಿಲಿಗೆ ನಡೆಯಿರಿ, ದಾರಿ ಮುಚ್ಚಿದ್ದರೆ ನೀರಿನಂಚಿಗೆ ಇಳಿಯಿರಿ, 112ಕ್ಕೆ ಫೋನ್ ಮಾಡಿ. ಕೆಲವು ತಿರುವುಗಳಲ್ಲಿ ಸಿಗ್ನಲ್ ಇರುವುದಿಲ್ಲ, ನಕ್ಷೆಯನ್ನು ಮೊದಲೇ ಇಳಿಸಿಕೊಂಡಿರಿ.

ಸುಟ್ಟ ಮೇಲೂ ಬುಡದಿಂದ ಚಿಗುರುವ ಗಿಡವೊಂದು ಇಲ್ಲಿದೆ, ದಾರಿಯುದ್ದಕ್ಕೂ ಕಾಣುತ್ತದೆ: ಕುಳ್ಳು ತಾಳೆ. ದೂರದಿಂದ ನೋಡಿದರೆ ನಮ್ಮ ಹಳ್ಳದ ಬದಿಯ ಈಚಲ ಪೊದೆಯೇ. ಹತ್ತಿರ ಹೋದರೆ ಎಲೆ ಗರಿಯಂತಿಲ್ಲ, ಬೀಸಣಿಗೆಯಂತಿದೆ. ಈಚಲಿನಲ್ಲಿ ನಮ್ಮವರು ಚಾಪೆ, ಪೊರಕೆ ಮಾಡಿದಂತೆ ಅಲ್ಲಿಯವರು ಇದರಲ್ಲಿ ಪೊರಕೆ, ಬುಟ್ಟಿ, ಹಗ್ಗ ಮಾಡುತ್ತಿದ್ದರು. ಮೀಸಲಿನ ಒಳಗಿನ ಚಿಕ್ಕ ಹೆಣಿಗೆ ಸಂಗ್ರಹಾಲಯದಲ್ಲಿ ನೋಡಬಹುದು. ಹೊಲದ ಬೇಲಿಯ ಪಾಪಾಸುಕಳ್ಳಿಯೂ ಕತ್ತಾಳೆಯೂ ಅಲ್ಲಿ ಸಿಗುತ್ತವೆ, ಎರಡೂ ಅಮೆರಿಕದಿಂದ ಬಂದು ಅಲ್ಲಿಯೂ ಇಲ್ಲಿಯೂ ಊರವೇ ಆಗಿಹೋದವು. ಕಳ್ಳಿಹಣ್ಣನ್ನು ಸಿಸಿಲಿಯವರು ‘ಭಾರತದ ಅಂಜೂರ’ ಎನ್ನುತ್ತಾರೆ! ಒಳಗಿನದನ್ನು ಕೀಳಬೇಡಿ, ಪೇಟೆಯಲ್ಲಿ ಮುಳ್ಳು ತೆಗೆದು ಮಾರುತ್ತಾರೆ. ಪೊದೆಯೊಳಗೆ ಕೈ ಹಾಕಬೇಡಿ, ಸಿಸಿಲಿಯ ಒಂದೇ ವಿಷದ ಹಾವು ಮಂಡಲದ ಬಳಗದ್ದು.

ಬುತ್ತಿ

ಹಾಲಿನ ಪದಾರ್ಥ, ಮಾಂಸ ಯುರೋಪಿನೊಳಗೆ ತರುವಂತಿಲ್ಲ: ತುಪ್ಪ, ಪೇಡ, ಖೋವಾ ಮನೆಯಲ್ಲೇ ಬಿಡಿ. ಶ್ರೀನಿವಾಸಪುರದ ಮಾವಿಗೂ ಪ್ರಮಾಣಪತ್ರವಿಲ್ಲದೆ ಪ್ರವೇಶವಿಲ್ಲ, ಹಸಿ ಕರಿಬೇವಿಗೂ ಇಲ್ಲ. ತೆಂಗಿನಕಾಯಿಗೆ ಮಾತ್ರ ಆ ಪ್ರಮಾಣಪತ್ರ ಬೇಡ, ತಿಪಟೂರಿನವರು ಹಿಗ್ಗಬಹುದು. ಚಟ್ನಿಪುಡಿ, ಕಡಲೆಬೀಜದ ಚಿಕ್ಕಿ, ಹುರಿಗಡಲೆ ಧಾರಾಳವಾಗಿ ಒಯ್ಯಿರಿ. ಒಳಗೆ ತಿಂದದ್ದರ ಕಾಗದ, ಸಿಪ್ಪೆ ಎಲ್ಲ ಚೀಲದಲ್ಲೇ ವಾಪಸ್ ಬರಬೇಕು, ಅದಕ್ಕೊಂದು ಬೇರೆ ಕವರ್ ಇಡಿ.

ಸಂಜೆ ಹೊರಬಂದ ಮೇಲೆ ಸ್ಕೊಪೆಲ್ಲೊದಲ್ಲಿ ಪಾನೆ ಕುಂತ್ಸಾತೊ ಸಿಗುತ್ತದೆ: ಬಿಸಿ ರೊಟ್ಟಿ ಸೀಳಿ ಆಲಿವ್ ಎಣ್ಣೆ, ಟೊಮೇಟೊ, ಚೀಸ್, ಒರೆಗಾನೊ ತುಂಬಿದ್ದು. ಅದರೊಳಗೆ ಉಪ್ಪು ಹಾಕಿದ ಸಣ್ಣ ಮೀನೂ ಇರುತ್ತದೆ, ಎಣ್ಣೆಯಲ್ಲಿ ಕರಗಿ ಕಣ್ಣಿಗೆ ಕಾಣುವುದಿಲ್ಲ. ಸಸ್ಯಾಹಾರಿಗಳು ‘ವೆಜಿಟೇರಿಯನ್’ ಎಂದಷ್ಟೇ ಹೇಳಿದರೆ ಸಾಲದು, ಮೀನನ್ನು ಮಾಂಸವೆಂದು ಎಲ್ಲರೂ ಎಣಿಸುವುದಿಲ್ಲ. ‘ಸೆಂತ್ಸಾ ಅಚ್ಚೂಗೆ’, ಅಂದರೆ ಆ ಮೀನು ಬೇಡ, ಎಂದು ರೊಟ್ಟಿ ಸೀಳುವ ಮೊದಲೇ ಹೇಳಿ.